ಮನೆಯ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಮೀಟರ್‌ಗಳ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಕಡೆ ಮನೆಯಲ್ಲೇ ಫ್ಲೈಟ್ ಸಿಮ್ಯುಲೇಟರ್ ಇಟ್ಟುಕೊಂಡವರು ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಉದಾಹರಣೆಗಳಿಗೆ ಸೆಸ್ನಾ 172 ವಿಮಾನವನ್ನೂ ಹುಬ್ಬಳ್ಳಿ ವಿಮಾನ ನಿಲ್ದಾಣವನ್ನೂ ಆರಿಸಿಕೊಂಡಿದ್ದೇನೆ, ಏಕೆಂದರೆ ಇವೆರಡೂ ಬಹುತೇಕ ಎಲ್ಲರ ಬಳಿ ಇರುತ್ತವೆ. ಇಲ್ಲಿನ ಮಾತು ಸಿಮ್ಯುಲೇಟರ್‌ಗೆ ಮಾತ್ರ ಅನ್ವಯಿಸುತ್ತದೆ. ನಿಜವಾದ ವಿಮಾನ ಹಾರಿಸುವವರು ತಮ್ಮ ವಿಮಾನದ ಕೈಪಿಡಿಯನ್ನೂ ಬೋಧಕರನ್ನೂ ಕೇಳಬೇಕು.

## ಮೊದಲ ಹೆಜ್ಜೆಗಳು

ಮೀಟರ್ ಕೆಟ್ಟಿದೆಯೋ ಅಥವಾ ನನಗೇ ತಿಳಿಯುತ್ತಿಲ್ಲವೋ ಎಂದು ಮೊದಲು ಹೇಗೆ ಗೊತ್ತುಮಾಡಿಕೊಳ್ಳಬೇಕು?

ತೊಂದರೆ ಮೂರು ಕಡೆಗಳಲ್ಲಿ ಒಂದರಲ್ಲಿ ಇರುತ್ತದೆ: ಸಿಮ್ಯುಲೇಟರ್‌ನೊಳಗಿನ ವಿಮಾನದಲ್ಲಿ, ಸಿಮ್ಯುಲೇಟರ್ ತಂತ್ರಾಂಶದಲ್ಲಿ, ಇಲ್ಲವೇ ನಿಮ್ಮ ಮೇಜಿನ ಮೇಲಿರುವ ಪ್ಯಾನೆಲ್ ಮತ್ತು ತಂತಿಗಳಲ್ಲಿ. ನನಗೆ ಬರುವ ದೂರುಗಳಲ್ಲಿ ಬಹುಪಾಲು ಮೊದಲನೆಯ ಗುಂಪಿಗೆ ಸೇರಿದವು. ಅಂದರೆ ಅಲ್ಲಿ ಏನೂ ಕೆಟ್ಟಿರುವುದಿಲ್ಲ, ನಿಜವಾದ ಮೀಟರ್ ಯಾವ ಸಂದರ್ಭದಲ್ಲಿ ತಪ್ಪು ತೋರಿಸುತ್ತದೆಯೋ ಅದೇ ಸಂದರ್ಭದಲ್ಲಿ ಸಿಮ್ಯುಲೇಟರ್ ಕೂಡ ಅದೇ ತಪ್ಪನ್ನು ತೋರಿಸುತ್ತಿರುತ್ತದೆ. ಆದ್ದರಿಂದ ಕೇಬಲ್ ಕೀಳುವ ಮೊದಲು, ಪರದೆಯ ಮೇಲಿನ ಕಾಕ್‌ಪಿಟ್‌ನ ಮುಳ್ಳನ್ನೂ ಮೇಜಿನ ಪ್ಯಾನೆಲ್‌ನ ಮುಳ್ಳನ್ನೂ ಹೋಲಿಸಿ ನೋಡಬೇಕು. ಎರಡೂ ಒಂದೇ ತಪ್ಪನ್ನು ತೋರಿಸಿದರೆ ತಂತಿಯ ದೋಷವಲ್ಲ. ಅನಂತರ ಸಿಮ್ಯುಲೇಟರ್‌ನೊಂದಿಗೇ ಬಂದಿರುವ ಬೇರೊಂದು ವಿಮಾನವನ್ನು ತೆರೆಯಬೇಕು. ಅದರಲ್ಲಿ ಸರಿಯಿದ್ದರೆ ಮೊದಲ ವಿಮಾನದ ಸ್ವಿಚ್‌ಗಳನ್ನೋ ಅದರ ಕಡತಗಳನ್ನೋ ನೋಡಬೇಕಾಗುತ್ತದೆ. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್ ಬಳಸುವವರಿಗೆ ಇನ್ನೊಂದು ಅನುಕೂಲವಿದೆ: ಅದರ ಡೇಟಾ ಔಟ್‌ಪುಟ್ ಪುಟದಲ್ಲಿ ಗುರುತು ಹಾಕಿದರೆ ವೇಗ, ಎತ್ತರ, ದಿಕ್ಕುಗಳ ಅಂಕಿಗಳು ಪರದೆಯ ಮೇಲೆಯೇ ಕಾಣಿಸುತ್ತವೆ, ಮುಳ್ಳನ್ನು ಅವುಗಳೊಂದಿಗೆ ತಾಳೆ ನೋಡಬಹುದು.

ವಿಮಾನ ತೆರೆದ್ರ ಎಲ್ಲಾ ಮೀಟರ್ ಸತ್ತಂಗ ಕುಂತಾವು. ಸಿಮ್ಯುಲೇಟರ್ ಕೆಟ್ಟೈತೇನ್ರಿ?

ಕೆಟ್ಟಿಲ್ಲ. ನೀವು ರನ್‌ವೇಯ ಬದಲು ಪಾರ್ಕಿಂಗ್ ಜಾಗವನ್ನು ಆರಿಸಿಕೊಂಡಿರುತ್ತೀರಿ. ಅಲ್ಲಿ ವಿಮಾನ ಎಲ್ಲ ಸ್ವಿಚ್ ಆರಿಸಿದ ಸ್ಥಿತಿಯಲ್ಲಿ ನಿಂತಿರುತ್ತದೆ. ಮಾಸ್ಟರ್ ಸ್ವಿಚ್‌ನ ಬ್ಯಾಟರಿ ಮತ್ತು ಆಲ್ಟರ್ನೇಟರ್ ಎರಡೂ ಭಾಗಗಳನ್ನು ಹಾಕಿ, ಎಂಜಿನ್ ಚಾಲೂ ಮಾಡಿ, ಆಮೇಲೆ ಏವಿಯಾನಿಕ್ಸ್ ಸ್ವಿಚ್ ಹಾಕಬೇಕು. ರೇಡಿಯೊ ಮತ್ತು ನ್ಯಾವಿಗೇಶನ್ ಪರದೆಗಳು ಈ ಕೊನೆಯ ಸ್ವಿಚ್‌ಗಾಗಿ ಕಾಯುತ್ತಿರುತ್ತವೆ, ಬಹಳ ಮಂದಿ ಮರೆಯುವುದೂ ಇದನ್ನೇ. ಮುಳ್ಳಿನ ಮೀಟರ್‌ಗಳಿರುವ ಹಳೆಯ ಸೆಸ್ನಾದಲ್ಲಿ ಎತ್ತರ ತೋರಿಸುವ ಆಲ್ಟಿಮೀಟರ್, ವೇಗ ತೋರಿಸುವ ಏರ್‌ಸ್ಪೀಡ್ ಮತ್ತು ಏರಿಳಿತದ ಮೀಟರ್‌ಗಳಿಗೆ ವಿದ್ಯುತ್ತೇ ಬೇಕಿಲ್ಲ. ಬ್ಯಾಟರಿ ಆರಿಸಿದಾಗಲೂ ಆಲ್ಟಿಮೀಟರ್ ಎತ್ತರವನ್ನು ತೋರಿಸುತ್ತಿದ್ದರೆ ಅದು ಸರಿಯಾದದ್ದೇ.

ಪರದೆಯ ಮೇಲೆ ದೊಡ್ಡ ಕೆಂಪು ಕತ್ತರಿ ಗುರುತು ಬಂದು ಕೂತಿದೆ. ಏನು ಅರ್ಥ?

ಗಾರ್ಮಿನ್ ಜಿ1000 ಪರದೆಯಿರುವ ವಿಮಾನಗಳಲ್ಲಿ, ಯಾವ ಮಾಹಿತಿ ನಂಬಲು ಯೋಗ್ಯವಲ್ಲವೋ ಆ ಜಾಗಕ್ಕೆ ಕೆಂಪು ಅಡ್ಡಗೆರೆಗಳು ಬೀಳುತ್ತವೆ. ಸ್ವಿಚ್ ಹಾಕಿದ ತಕ್ಷಣ ಇವು ಕಾಣಿಸುವುದು ಸಹಜ, ಏಕೆಂದರೆ ವಿಮಾನದ ಓರೆ ಮತ್ತು ದಿಕ್ಕನ್ನು ಅಳೆಯುವ ಘಟಕ ತನ್ನನ್ನು ಹೊಂದಿಸಿಕೊಳ್ಳಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ವಿಮಾನವನ್ನು ಅಲುಗಿಸದೆ ನಿಲ್ಲಿಸಬೇಕು. ಒಂದೆರಡು ನಿಮಿಷವಾದರೂ ಗುರುತು ಹೋಗದಿದ್ದರೆ ಸರ್ಕ್ಯೂಟ್ ಬ್ರೇಕರ್ ಹೊರಬಂದಿದೆಯೇ, ಸಿಮ್ಯುಲೇಟರ್‌ನ ವೈಫಲ್ಯ ಪುಟದಲ್ಲಿ ಆ ಘಟಕಕ್ಕೆ ದೋಷ ಹಚ್ಚಿಟ್ಟಿದ್ದೀರಾ ಎಂದು ನೋಡಬೇಕು.

ಹುಬ್ಬಳ್ಳಿ ರನ್‌ವೇದಾಗ ನಿಂತ್ರೂ ಆಲ್ಟಿಮೀಟರ್ ಎರಡ ಸಾವಿರದ ಮ್ಯಾಲ ತೋರಸ್ತೈತಿ. ನೆಲದ ಮ್ಯಾಲ ಸೊನ್ನಿ ಇರಬೇಕಲ್ರಿ?

ಆಲ್ಟಿಮೀಟರ್ ಸಮುದ್ರ ಮಟ್ಟದಿಂದ ಎತ್ತರವನ್ನು ತೋರಿಸುತ್ತದೆ, ನೆಲದಿಂದ ಅಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಎತ್ತರದಲ್ಲಿದೆ, ಬೆಂಗಳೂರಿನದು ಸುಮಾರು 3,000 ಅಡಿ. ಹಾಗಾಗಿ ಹುಬ್ಬಳ್ಳಿಯಲ್ಲಿ ನಿಂತಾಗ ಮುಳ್ಳು ಸೊನ್ನೆಗೆ ಬಂದರೆ ಆಗಲೇ ಯೋಚಿಸಬೇಕು.

ಆದರೆ 2,170ರ ಬದಲು 2,360 ಅಥವಾ 2,000 ತೋರಿಸುತ್ತಿದ್ದರೆ ಒತ್ತಡದ ಗುಂಡಿಯನ್ನು ಹೊಂದಿಸಿಲ್ಲವೆಂದು ಅರ್ಥ. ಮೀಟರ್‌ನ ಸಣ್ಣ ಕಿಟಕಿಯಲ್ಲಿ ಆ ಹೊತ್ತಿನ ಸಮುದ್ರ ಮಟ್ಟದ ಒತ್ತಡವನ್ನು ಇಡಬೇಕು. ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಎತ್ತರದಲ್ಲಿ ಸುಮಾರು 28 ಅಡಿ ತಪ್ಪುತ್ತದೆ. ಕಿಟಕಿಯಲ್ಲಿ ರೂಢಿಯ 1013 ಇದ್ದು, ಹೊರಗಿನ ಒತ್ತಡ 1006 ಇದ್ದರೆ ಮುಳ್ಳು ಹತ್ತಿರ ಹತ್ತಿರ 200 ಅಡಿ ಹೆಚ್ಚು ತೋರಿಸುತ್ತದೆ. ನೈಜ ಹವಾಮಾನವನ್ನು ಜೋಡಿಸಿಕೊಂಡು ಹಾರುವವರಿಗೆ ಮಳೆಗಾಲದಲ್ಲಿ ಇದು ಹೆಚ್ಚು ಎದುರಾಗುತ್ತದೆ, ಏಕೆಂದರೆ ಆ ತಿಂಗಳುಗಳಲ್ಲಿ ನಮ್ಮ ಕಡೆ ಒತ್ತಡ ಕಡಿಮೆ ಇರುತ್ತದೆ. ಮೈಕ್ರೊಸಾಫ್ಟ್ ಸಿಮ್ಯುಲೇಟರ್‌ಗಳಲ್ಲಿ ರೂಢಿಯಾಗಿ ‘ಬಿ’ ಕೀಲಿ ಒತ್ತಿದರೆ ಆ ಜಾಗದ ಒತ್ತಡ ತಾನಾಗಿ ಕೂಡುತ್ತದೆ.

ಇನ್ನೊಂದು ತೊಡಕು ಅಳತೆಯ ಏಕಮಾನದ್ದು. ಭಾರತದಲ್ಲಿ ಒತ್ತಡವನ್ನು ಹೆಕ್ಟೊಪಾಸ್ಕಲ್‌ನಲ್ಲಿ ಹೇಳುತ್ತಾರೆ, ಅಮೆರಿಕದ ಸೆಸ್ನಾದ ಕಿಟಕಿಯಲ್ಲಿ ಪಾದರಸದ ಇಂಚುಗಳಿರುತ್ತವೆ. 1013.25 ಹೆಕ್ಟೊಪಾಸ್ಕಲ್ ಅಂದರೆ 29.92 ಇಂಚು, 1006 ಅಂದರೆ 29.71. ಈ ಲೆಕ್ಕದ ಒಂದು ಸಣ್ಣ ಪಟ್ಟಿಯನ್ನು ಬರೆದು ಪರದೆಯ ಪಕ್ಕ ಅಂಟಿಸಿಕೊಳ್ಳುವುದು ಒಳ್ಳೆಯದು.

ಮೀಟರ್ 100 ನಾಟ್ ತೋರಿಸುತ್ತದೆ, ಜಿಪಿಎಸ್ 108 ಎನ್ನುತ್ತದೆ. ಯಾವುದು ಸುಳ್ಳು?

ಯಾವುದೂ ಅಲ್ಲ. ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಏರ್‌ಸ್ಪೀಡ್ ಮೀಟರ್ ಅಳೆಯುವುದು ವಿಮಾನಕ್ಕೆ ಎದುರಾಗುವ ಗಾಳಿಯ ಒತ್ತಡವನ್ನು. ಗಾಳಿ ತೆಳುವಾದಷ್ಟೂ ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಜಿಪಿಎಸ್ ನೆಲದ ಮೇಲಿನ ವೇಗವನ್ನು ಹೇಳುತ್ತದೆ. ಬೇಸಿಗೆಯಲ್ಲಿ 35 ಡಿಗ್ರಿ ಬಿಸಿಲಿರುವಾಗ ಹುಬ್ಬಳ್ಳಿ ರನ್‌ವೇ ಮೇಲಿನ ಗಾಳಿ, ರೂಢಿಯ ಲೆಕ್ಕದಲ್ಲಿ ಸುಮಾರು 5,000 ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ, ಆದ್ದರಿಂದ ಗಾಳಿ ಬೀಸದೆ ಇದ್ದರೂ 100ಕ್ಕೆ 108ರ ಆಸುಪಾಸಿನ ವ್ಯತ್ಯಾಸ ಬರುತ್ತದೆ. ಮುಂಗಾರಿನ ಪಶ್ಚಿಮ ಗಾಳಿಯಲ್ಲಿ ಗದಗದ ಕಡೆ ಹೊರಟರೆ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ, ಮರಳುವಾಗ ತಿರುವುಮುರುವಾಗುತ್ತದೆ. ಇಳಿಯುವಾಗ ಯಾವತ್ತೂ ಏರ್‌ಸ್ಪೀಡ್ ಮೀಟರನ್ನೇ ನಂಬಬೇಕು.

## ಗಾಳಿಯ ಒತ್ತಡದಿಂದ ನಡೆಯುವ ಮೀಟರ್‌ಗಳು

ಹಾರುತ್ತಿರುವಾಗಲೇ ಏರ್‌ಸ್ಪೀಡ್ ಸೊನ್ನೆಗೆ ಬಿತ್ತು. ವಿಮಾನ ಮಾತ್ರ ಚೆನ್ನಾಗಿಯೇ ಹಾರುತ್ತಿತ್ತು. ಇದು ಹೇಗೆ?

ಎದುರುಗಾಳಿಯ ಒತ್ತಡವನ್ನು ಏರ್‌ಸ್ಪೀಡ್ ಮೀಟರ್‌ಗೆ ಒಯ್ಯುವ, ರೆಕ್ಕೆಯ ಕೆಳಗಿರುವ ಪಿಟಾಟ್ ಕೊಳವೆಯ ಬಾಯಿ ಮುಚ್ಚಿ, ನೀರು ಸೋರುವ ಅದರ ಸಣ್ಣ ರಂಧ್ರ ತೆರೆದೇ ಇದ್ದರೆ, ಒಳಗಿನ ಒತ್ತಡ ಸೋರಿಹೋಗಿ ಮುಳ್ಳು ಸೊನ್ನೆಗೆ ಬೀಳುತ್ತದೆ. ಬಾಯಿ ಮತ್ತು ರಂಧ್ರ ಎರಡೂ ಮುಚ್ಚಿದರೆ ಆಟ ಇನ್ನೂ ವಿಚಿತ್ರ: ಕೊಳವೆಯೊಳಗೆ ಹಳೆಯ ಒತ್ತಡ ಸಿಕ್ಕಿಬಿದ್ದಿರುವುದರಿಂದ ಮೀಟರ್ ವೇಗವನ್ನು ಬಿಟ್ಟು ಎತ್ತರಕ್ಕೆ ಕುಣಿಯತೊಡಗುತ್ತದೆ, ಏರಿದರೆ ವೇಗ ಹೆಚ್ಚಾದಂತೆ, ಇಳಿದರೆ ಕಡಿಮೆಯಾದಂತೆ ತೋರಿಸುತ್ತದೆ. ಆ ಸುಳ್ಳನ್ನು ನಂಬಿ ಏರುತ್ತಲೇ ಮೂಗು ಇನ್ನಷ್ಟು ಎತ್ತಿದವರು ಸ್ಟಾಲ್ ಆಗುತ್ತಾರೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ.

ಪುಸ್ತಕಗಳು ಇದಕ್ಕೆ ಮೊದಲ ಕಾರಣ ಮಂಜುಗಡ್ಡೆ ಎನ್ನುತ್ತವೆ, ಪಿಟಾಟ್ ಹೀಟ್ ಹಾಕಿ ಎನ್ನುತ್ತವೆ. ಚಳಿದೇಶಗಳಿಗೆ ಆ ಮಾತು ಸರಿ. ನಮ್ಮ ಅಕ್ಷಾಂಶದಲ್ಲಿ ಗಾಳಿ ಸೊನ್ನೆ ಡಿಗ್ರಿಗೆ ಇಳಿಯುವುದು ಸಾಮಾನ್ಯವಾಗಿ 15,000 ಅಡಿಯ ಆಸುಪಾಸಿನಲ್ಲಿ. ಸೆಸ್ನಾದಲ್ಲಿ 6,000 ಅಡಿಯಲ್ಲಿ ಹಾವೇರಿಗೆ ಹೊರಟವರಿಗೆ ಮಂಜುಗಡ್ಡೆಯ ಕಾಟ ಬರುವ ಸಂಭವ ತೀರ ಕಡಿಮೆ. ಆದ್ದರಿಂದ ಇಲ್ಲಿ ಮೊದಲು ಬೇರೆ ಕಡೆ ನೋಡಬೇಕು. ಮೈಕ್ರೊಸಾಫ್ಟ್‌ನ 2024ರ ಸಿಮ್ಯುಲೇಟರ್‌ನಲ್ಲಿ ವಿಮಾನದ ಸುತ್ತ ನಡೆದು ಪಿಟಾಟ್ ಕವಚವನ್ನು ಕೈಯಾರೆ ತೆಗೆಯಬೇಕಾಗುತ್ತದೆ. ಅದನ್ನು ಬಿಟ್ಟು ಹೊರಟರೆ ಓಟದಲ್ಲೇ ಮುಳ್ಳು ಏಳುವುದಿಲ್ಲ. ಓಟದಲ್ಲಿ ಸರಿಯಾಗಿ ಎದ್ದ ಮುಳ್ಳು ನಡುವೆ ಬಿದ್ದರೆ, ಯಾದೃಚ್ಛಿಕ ವೈಫಲ್ಯಗಳ ಆಯ್ಕೆ ತೆರೆದಿದೆಯೇ ಎಂದು ಪರೀಕ್ಷಿಸಬೇಕು. ಅಷ್ಟರಲ್ಲಿ ಕೈಯಲ್ಲಿರುವ ಉಪಾಯವೆಂದರೆ ಎಂಜಿನ್‌ನ ಆರ್‌ಪಿಎಂ ಮತ್ತು ಮೂಗಿನ ಓರೆಯನ್ನು ತಿಳಿದ ಅಳತೆಯಲ್ಲಿ ಇಡುವುದು.

ಆಲ್ಟಿಮೀಟರ್ ಒಂದೇ ಕಡೆ ನಿಂತುಬಿಟ್ಟಿದೆ, ಕೆಳಗೆ ನೋಡಿದರೆ ಉಣಕಲ್ ಕೆರೆ ಚಿಕ್ಕದಾಗುತ್ತಲೇ ಇದೆ!

ಕೆರೆ ಹೇಳುತ್ತಿರುವುದೇ ನಿಜ. ಸುತ್ತಲಿನ ಗಾಳಿಯ ಒತ್ತಡವನ್ನು ಮೀಟರ್‌ಗಳಿಗೆ ಒಯ್ಯುವ, ವಿಮಾನದ ಬದಿಯಲ್ಲಿರುವ ಸ್ಟ್ಯಾಟಿಕ್ ರಂಧ್ರ ಮುಚ್ಚಿದಾಗ ಆಲ್ಟಿಮೀಟರ್ ಆ ಕ್ಷಣದ ಎತ್ತರದಲ್ಲೇ ನಿಲ್ಲುತ್ತದೆ, ಏರಿಳಿತದ ಮೀಟರ್ ಸೊನ್ನೆಯಲ್ಲಿ ಕೂಡುತ್ತದೆ, ಮತ್ತು ಅಲ್ಲಿಂದ ಮೇಲೇರಿದಷ್ಟೂ ಏರ್‌ಸ್ಪೀಡ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ಸೆಸ್ನಾದ ಪ್ಯಾನೆಲ್‌ನ ಕೆಳಭಾಗದಲ್ಲಿರುವ ಬದಲಿ ಸ್ಟ್ಯಾಟಿಕ್ ಗುಂಡಿಯನ್ನು ಎಳೆದರೆ ಕಾಕ್‌ಪಿಟ್‌ನೊಳಗಿನ ಗಾಳಿಯಿಂದ ಮೀಟರ್‌ಗಳು ಮತ್ತೆ ನಡೆಯುತ್ತವೆ. ಆಗ ಎತ್ತರ ಮತ್ತು ವೇಗ ಸ್ವಲ್ಪ ಹೆಚ್ಚಾಗಿ ಕಾಣುವುದು ಸಹಜ. ಮೂರರಲ್ಲಿ ಒಂದೇ ನಿಂತು ಉಳಿದೆರಡು ಸರಿಯಿದ್ದರೆ ದೋಷ ಆ ಮೀಟರ್‌ನದ್ದು ಅಥವಾ ಅದನ್ನು ಚಿತ್ರಿಸುವ ತಂತ್ರಾಂಶದ್ದು.

ಏರಿಳಿತದ ಮೀಟರ್ ತಡವಾಗಿ ತಿರುಗುತ್ತದೆ. ಕಂಪ್ಯೂಟರ್ ನಿಧಾನವೇ?

ಅಲ್ಲ. ನಿಜವಾದ ಮೀಟರ್ ಕೂಡ ಸ್ಥಿರವಾದ ಅಂಕಿ ತೋರಿಸಲು ಆರರಿಂದ ಒಂಬತ್ತು ಸೆಕೆಂಡ್ ತೆಗೆದುಕೊಳ್ಳುತ್ತದೆ. ಅದನ್ನು ಹಿಂಬಾಲಿಸಿ ಮೂಗನ್ನು ಮೇಲೆ ಕೆಳಗೆ ಮಾಡಬಾರದು.

## ಗೈರೊ ಮತ್ತು ದಿಕ್ಸೂಚಿ

ಅರ್ಧ ಗಂಟೆ ಹಾರಿದ ಮೇಲೆ ಹೆಡಿಂಗ್ ಮೀಟರ್‌ಗೂ ಕಂಪಾಸ್‌ಗೂ ತಾಳೆಯಾಗುವುದಿಲ್ಲ. ಯಾವುದನ್ನು ನಂಬಲಿ?

ಸಮತಟ್ಟಾಗಿ, ನೇರವಾಗಿ, ಒಂದೇ ವೇಗದಲ್ಲಿ ಹಾರುತ್ತಿರುವಾಗ ಕಂಪಾಸನ್ನು ನಂಬಿ, ಹೆಡಿಂಗ್ ಮೀಟರನ್ನು ಅದಕ್ಕೆ ಹೊಂದಿಸಬೇಕು. ಮೈಕ್ರೊಸಾಫ್ಟ್ ಸಿಮ್ಯುಲೇಟರ್‌ಗಳಲ್ಲಿ ಇದಕ್ಕೆ ರೂಢಿಯ ಕೀಲಿ ‘ಡಿ’. ಮುಳ್ಳಿನ ಹೆಡಿಂಗ್ ಮೀಟರ್‌ಗೆ ಉತ್ತರ ದಿಕ್ಕು ಗೊತ್ತಿಲ್ಲ. ಅದರೊಳಗೆ ವೇಗವಾಗಿ ತಿರುಗುವ ಚಕ್ರ, ಅಂದರೆ ಗೈರೊ, ನೀವು ಇಟ್ಟ ದಿಕ್ಕನ್ನು ಹಿಡಿದುಕೊಂಡಿರುತ್ತದೆ ಅಷ್ಟೆ. ಭೂಮಿ ಅದರ ಕೆಳಗೆ ತಿರುಗುವುದರಿಂದಲೇ ಒಂದಿಷ್ಟು ತಪ್ಪು ಸೇರುತ್ತದೆ, ಇದರ ಪ್ರಮಾಣ ಗಂಟೆಗೆ 15 ಡಿಗ್ರಿಯನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಿದಷ್ಟು. ಹುಬ್ಬಳ್ಳಿಯ ಅಕ್ಷಾಂಶ 15 ಡಿಗ್ರಿ ಚಿಲ್ಲರೆ ಆದ್ದರಿಂದ ನಮಗೆ ಗಂಟೆಗೆ ಸುಮಾರು 4 ಡಿಗ್ರಿ, ಲಂಡನ್‌ನಲ್ಲಿ ಹಾರುವವರಿಗೆ ಹತ್ತಿರ ಹತ್ತಿರ 12. ಬೇರಿಂಗ್‌ನ ಘರ್ಷಣೆಯ ತಪ್ಪು ಇದರ ಮೇಲೆ ಸೇರುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೊಂದಿಸುವುದು ನಿಜವಾದ ಪೈಲಟ್‌ಗಳ ರೂಢಿ. ಬೇಡವೆನ್ನುವವರು ಹಳೆಯ ಫ್ಲೈಟ್ ಸಿಮ್ಯುಲೇಟರ್ ಎಕ್ಸ್‌ನ ವಾಸ್ತವಿಕತೆಯ ಪುಟದಲ್ಲಿ ಗೈರೊ ಡ್ರಿಫ್ಟ್ ಆಯ್ಕೆಯನ್ನು ತೆಗೆಯಬಹುದು, ಆದರೆ ಕಲಿಯುವ ಉದ್ದೇಶವಿರುವವರು ತೆಗೆಯಬಾರದೆಂಬುದು ನನ್ನ ಅಭಿಪ್ರಾಯ.

ಕೆಲವೇ ನಿಮಿಷಗಳಲ್ಲಿ ಇಪ್ಪತ್ತು ಮೂವತ್ತು ಡಿಗ್ರಿ ತಪ್ಪಿದರೆ ಅದು ಡ್ರಿಫ್ಟ್ ಅಲ್ಲ, ಮುಂದೆ ಹೇಳಿರುವ ವ್ಯಾಕ್ಯೂಮ್‌ನ ತೊಂದರೆ.

ತಿರುಗಿಸುವಾಗ ಕಂಪಾಸ್ ಹುಚ್ಚುಹುಚ್ಚಾಗಿ ಓಡುತ್ತದೆ. ಸರಿಪಡಿಸುವುದು ಹೇಗೆ?

ಸರಿಪಡಿಸುವಂಥದ್ದೇನೂ ಇಲ್ಲ. ಭೂಮಿಯ ಕಾಂತರೇಖೆಗಳು ನೆಲದ ಕಡೆಗೆ ಬಾಗಿರುವುದರಿಂದ ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖಮಾಡಿ ತಿರುಗುವಾಗ ಕಂಪಾಸ್ ಹಿಂದೆ ಬೀಳುತ್ತದೆ, ದಕ್ಷಿಣಕ್ಕೆ ಮುಖಮಾಡಿದಾಗ ಮುಂದೋಡುತ್ತದೆ. ಪೂರ್ವ ಅಥವಾ ಪಶ್ಚಿಮಕ್ಕೆ ಹೋಗುತ್ತ ವೇಗ ಹೆಚ್ಚಿಸಿದರೆ ಉತ್ತರದ ಕಡೆಗೂ, ತಗ್ಗಿಸಿದರೆ ದಕ್ಷಿಣದ ಕಡೆಗೂ ವಾಲುತ್ತದೆ. ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಸಮೀಪವೇ ಹಾದುಹೋಗುವುದರಿಂದ ಹುಬ್ಬಳ್ಳಿಯ ಮೇಲೆ ಈ ಬಾಗು ಕಡಿಮೆ. ಯುರೋಪ್ ಅಮೆರಿಕಗಳ ಪಾಠಗಳಲ್ಲಿ ಹೇಳುವಷ್ಟು ದೊಡ್ಡ ತಪ್ಪು ಇಲ್ಲಿ ಕಾಣಿಸದಿದ್ದರೆ ಸಿಮ್ಯುಲೇಟರ್ ಭೂಗೋಳವನ್ನು ಸರಿಯಾಗಿ ಪಾಲಿಸುತ್ತಿದೆ ಎಂದೇ ತಿಳಿಯಬೇಕು.

ನೆಲದ ಮೇಲೆ ಎಂಜಿನ್ ನಿಧಾನವಾಗಿ ಓಡುವಾಗ ಹೊರೈಜನ್ ಮೀಟರ್ ಓರೆಯಾಗಿ ಮಲಗುತ್ತದೆ.

ಹಳೆಯ ಸೆಸ್ನಾದಲ್ಲಿ ವಿಮಾನದ ಓರೆ ತೋರಿಸುವ ಹೊರೈಜನ್ ಮತ್ತು ದಿಕ್ಕು ತೋರಿಸುವ ಹೆಡಿಂಗ್ ಮೀಟರ್‌ಗಳ ಗೈರೊ ತಿರುಗುವುದು ಎಂಜಿನ್ ನಡೆಸುವ ವ್ಯಾಕ್ಯೂಮ್ ಪಂಪಿನಿಂದ. ಎಂಜಿನ್ ನಿಧಾನವಾದರೆ ಹೀರುವ ಬಲ ತಗ್ಗುತ್ತದೆ, ಗೈರೊ ವೇಗ ಕುಂದಿದ ಬುಗುರಿಯಂತೆ ಓಲಾಡತೊಡಗುತ್ತದೆ. ಸಕ್ಷನ್ ಮೀಟರ್ 4.5ರಿಂದ 5.5 ಇಂಚಿನ ನಡುವೆ ಇರಬೇಕು. ಎಂಜಿನ್ ವೇಗ ಹೆಚ್ಚಿಸಿದಾಗ ಮುಳ್ಳು ಆ ಪಟ್ಟಿಗೆ ಬಂದು, ಹೊರೈಜನ್ ಒಂದೆರಡು ನಿಮಿಷದಲ್ಲಿ ನೆಟ್ಟಗಾದರೆ ಎಲ್ಲವೂ ಸರಿಯಿದೆ. ಹಾರಾಟದಲ್ಲೇ ಸಕ್ಷನ್ ಸೊನ್ನೆಯಾದರೆ ಹೊರೈಜನ್ ತಟ್ಟನೆ ಬೀಳದೆ ಮೆಲ್ಲಗೆ ವಾಲುತ್ತದೆ, ಅಪಾಯವಿರುವುದೂ ಆ ಮೆಲ್ಲಗೆಯಲ್ಲೇ. ಆಗ ವಿಮಾನ ತಿರುಗುವ ವೇಗವನ್ನು ತೋರಿಸುವ ಟರ್ನ್ ಕೋಆರ್ಡಿನೇಟರ್ ನೋಡಬೇಕು. ಅದು ವಿದ್ಯುತ್ತಿನಿಂದ ನಡೆಯುವುದರಿಂದ ಪಂಪಿನ ಜೊತೆ ಸಾಯುವುದಿಲ್ಲ.

## ವಿದ್ಯುತ್, ರೇಡಿಯೊ ಮತ್ತು ನ್ಯಾವಿಗೇಶನ್

ಹೊರಟಾಗ ಎಲ್ಲ ಸರಿ ಇತ್ತು, ಆಮೇಲೆ ಒಂದೊಂದಾಗಿ ಪರದೆಗಳು ಆರಿಹೋದವು.

ಆಲ್ಟರ್ನೇಟರ್ ಸ್ವಿಚ್ ಹಾಕದೆ ಬ್ಯಾಟರಿಯ ಮೇಲೇ ಹೊರಟಿದ್ದೀರಿ. ಸೆಸ್ನಾ 172 ಎಸ್ ಮಾದರಿಯಲ್ಲಿ ಬ್ಯಾಟರಿ 24 ವೋಲ್ಟ್, ಆಲ್ಟರ್ನೇಟರ್ ನಡೆಯುತ್ತಿರುವಾಗ ಸಾಲಿನಲ್ಲಿ ಸುಮಾರು 28 ವೋಲ್ಟ್ ಇರಬೇಕು. ಆಮೀಟರ್ ಮೈನಸ್ ಕಡೆ ವಾಲಿದ್ದರೆ ಬ್ಯಾಟರಿ ಬರಿದಾಗುತ್ತಿದೆ ಎಂದರ್ಥ. ಕೆಲವರು ಜಾಯ್‌ಸ್ಟಿಕ್‌ನ ಒಂದು ಗುಂಡಿಗೆ ಮಾಸ್ಟರ್ ಸ್ವಿಚ್ ಜೋಡಿಸಿರುತ್ತಾರೆ. ಅದು ಬ್ಯಾಟರಿಯ ಭಾಗವನ್ನು ಮಾತ್ರ ಹಾಕುತ್ತಿದೆಯೇ ಎಂಬುದನ್ನು ಪರದೆಯ ಕಾಕ್‌ಪಿಟ್‌ನಲ್ಲಿ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು.

ವಿಓಆರ್ ಫ್ರೀಕ್ವೆನ್ಸಿ ಹಾಕೇನಿ, ಮುಳ್ಳ ಅಳ್ಳಾಡವಲ್ದು. ಏನ್ ಮಾಡೂದ್ರಿ?

ವಿಓಆರ್ ಎಂದರೆ ದಿಕ್ಕು ತಿಳಿಸುವ ರೇಡಿಯೊ ಅಲೆ ಬಿಡುವ ನೆಲದ ಕೇಂದ್ರ. ನಾಲ್ಕು ಸಂಗತಿಗಳನ್ನು ಇದೇ ಕ್ರಮದಲ್ಲಿ ನೋಡಬೇಕು. ಒಂದು, ಫ್ರೀಕ್ವೆನ್ಸಿ ಇನ್ನೂ ಕಾಯುವ ಕಿಟಕಿಯಲ್ಲೇ ಉಳಿದಿದೆಯೇ. ಅದಲುಬದಲು ಗುಂಡಿ ಒತ್ತಿ ಅದನ್ನು ಚಾಲ್ತಿಯ ಕಿಟಕಿಗೆ ತರಬೇಕು. ಎರಡು, ಮುಳ್ಳಿಗೆ ಆಧಾರವಾಗಿ ಜಿಪಿಎಸ್ ಆಯ್ಕೆಯಾಗಿದೆಯೇ. ಮುಳ್ಳಿನ ಆಧಾರವನ್ನು ಬದಲಿಸುವ ಸಿಡಿಐ ಗುಂಡಿಯಿಂದ ಅದನ್ನು ನ್ಯಾವ್ ಒಂದಕ್ಕೆ, ಅಂದರೆ ಮೊದಲ ನ್ಯಾವಿಗೇಶನ್ ರೇಡಿಯೊಗೆ, ಬದಲಿಸಬೇಕು. ಮೂರು, ಕೇಂದ್ರದ ಅಲೆ ನಿಮಗೆ ತಲುಪುತ್ತಿದೆಯೇ. ಈ ಅಲೆಗಳು ನೇರ ದೃಷ್ಟಿಯಲ್ಲಿ ಸಾಗುವುದರಿಂದ, ಕೇಂದ್ರಕ್ಕಿಂತ 1,000 ಅಡಿ ಎತ್ತರದಲ್ಲಿರುವ ವಿಮಾನಕ್ಕೆ ಹೆಚ್ಚೆಂದರೆ ಸುಮಾರು 39 ನಾಟಿಕಲ್ ಮೈಲಿಯಿಂದ ಸಿಗುತ್ತವೆ, ನೆಲದ ಮೇಲೆ ನಿಂತವರಿಗೆ ಸಿಗದೇ ಹೋಗುವುದೇ ಹೆಚ್ಚು. ಕೇಂದ್ರದ ಮೋರ್ಸ್ ಗುರುತು ಕಿವಿಗೆ ಬೀಳದಿದ್ದರೆ ಮುಳ್ಳನ್ನು ನಂಬಬಾರದು. ನಾಲ್ಕು, ಸಿಮ್ಯುಲೇಟರ್‌ನ ನ್ಯಾವಿಗೇಶನ್ ಮಾಹಿತಿ ಹಳೆಯದೇ. ನಿಜ ಜಗತ್ತಿನಲ್ಲಿ ಈ ಮಾಹಿತಿ 28 ದಿನಗಳಿಗೊಮ್ಮೆ ಹೊಸದಾಗುತ್ತದೆ. ಹೊಸ ನಕ್ಷೆಯ ಫ್ರೀಕ್ವೆನ್ಸಿಯನ್ನು ಹಳೆಯ ಸಿಮ್ಯುಲೇಟರ್‌ಗೆ ಹಾಕಿದರೆ ಅಲ್ಲಿ ಕೇಂದ್ರವೇ ಇರದಿರಬಹುದು. ಹಳೆಯ ಆವೃತ್ತಿಗಳಲ್ಲಿ ಹುಬ್ಬಳ್ಳಿಯ ರನ್‌ವೇ ಕೂಡ ವಿಸ್ತರಣೆಗೆ ಮುಂಚಿನ ಗಿಡ್ಡ ರೂಪದಲ್ಲೇ ಇರುವುದುಂಟು.

ಮುಳ್ಳು ಬಲಕ್ಕಿದೆ ಎಂದು ಬಲಕ್ಕೆ ಹೋದರೆ ಅದು ಇನ್ನೂ ದೂರ ಓಡುತ್ತದೆ. ತಿರುವುಮುರುವಾಗಿ ಜೋಡಣೆಯಾಗಿದೆಯೇ?

ಜೋಡಣೆ ಸರಿಯಿದೆ. ನೀವು ಹೋಗುತ್ತಿರುವ ದಿಕ್ಕಿಗೆ ವಿರುದ್ಧವಾದ ಅಂಕಿ, ಹೋಗಬೇಕಾದ ದಿಕ್ಕನ್ನು ಇಡುವ ಓಬಿಎಸ್ ಗುಂಡಿಯಲ್ಲಿ ಕೂತಿದೆ. 80ಕ್ಕೆ ಹೋಗುತ್ತ 260 ಇಟ್ಟಿದ್ದರೆ ಹೀಗಾಗುತ್ತದೆ. ಗುಂಡಿಯನ್ನು 180 ಡಿಗ್ರಿ ತಿರುಗಿಸಿದರೆ ಸಾಕು.

## ತಂತ್ರಾಂಶ

ಹೊಸ ಅಪ್‌ಡೇಟ್ ಆದ ಮೇಲೆ ಒಂದು ವಿಮಾನದ ಮೀಟರ್‌ಗಳು ಕಪ್ಪಾಗಿವೆ.

ಹೊರಗಿನಿಂದ ತಂದು ಹಾಕಿದ ವಿಮಾನವಾದರೆ ಅದರ ತಯಾರಕರ ಹೊಸ ಆವೃತ್ತಿ ಬಂದಿದೆಯೇ ನೋಡಬೇಕು. ಮೈಕ್ರೊಸಾಫ್ಟ್‌ನ 2020 ಮತ್ತು 2024ರ ಸಿಮ್ಯುಲೇಟರ್‌ಗಳಲ್ಲಿ ಕಮ್ಯುನಿಟಿ ಫೋಲ್ಡರ್‌ನಲ್ಲಿರುವುದನ್ನೆಲ್ಲ ಬೇರೆ ಜಾಗಕ್ಕೆ ಸರಿಸಿ, ಅದೊಂದೇ ವಿಮಾನವನ್ನು ಮರಳಿ ಇಟ್ಟು ತೆರೆಯಬೇಕು. ಆಗ ಮೀಟರ್ ಬಂದರೆ ಉಳಿದವುಗಳಲ್ಲಿ ಯಾವುದೋ ಒಂದು ಅಡ್ಡಬರುತ್ತಿದೆ. ಉಳಿದವನ್ನು ಅರ್ಧರ್ಧ ಮಾಡಿ ಮರಳಿಸುತ್ತ ಹೋದರೆ ಅದು ಬೇಗ ಸಿಕ್ಕಿಬೀಳುತ್ತದೆ, ಒಂದೊಂದೇ ಹಾಕಿ ನೋಡುವುದು ಸಮಯದ ವ್ಯಯ. ಎಕ್ಸ್-ಪ್ಲೇನ್‌ನಲ್ಲಿ ಮುಖ್ಯ ಫೋಲ್ಡರ್‌ನಲ್ಲಿರುವ ಲಾಗ್ ಕಡತದ ಕೊನೆಯ ಸಾಲುಗಳು ಯಾವ ಪ್ಲಗಿನ್ ಮುಗ್ಗರಿಸಿತೆಂದು ಹೇಳುತ್ತವೆ. 2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಇನ್ನೂ ಇಟ್ಟುಕೊಂಡವರು, ಅದು 32 ಬಿಟ್ ತಂತ್ರಾಂಶವೆಂಬುದನ್ನು ನೆನಪಿಡಬೇಕು. ಕಂಪ್ಯೂಟರ್‌ನಲ್ಲಿ ಎಷ್ಟೇ ಮೆಮೊರಿ ಇದ್ದರೂ ಅದು 4 ಜಿಬಿಗಿಂತ ಹೆಚ್ಚನ್ನು ಬಳಸಲಾರದು, ಭಾರವಾದ ವಿಮಾನಗಳಲ್ಲಿ ಮೀಟರ್‌ಗಳು ಬಿಳಿಚಿ ಹೋಗುವುದಕ್ಕೆ ಇದೂ ಒಂದು ಕಾರಣ.

ಹೊರಗಿನ ನೋಟ ಸರಾಗವಾಗಿದೆ, ಗ್ಲಾಸ್ ಕಾಕ್‌ಪಿಟ್ ಪರದೆಗಳು ಮಾತ್ರ ತಡವರಿಸುತ್ತವೆ.

ಮೈಕ್ರೊಸಾಫ್ಟ್ ಸಿಮ್ಯುಲೇಟರ್‌ನ ಗ್ರಾಫಿಕ್ಸ್ ಪುಟದಲ್ಲಿ ಗ್ಲಾಸ್ ಕಾಕ್‌ಪಿಟ್ ಪರದೆಗಳ ನವೀಕರಣದ ವೇಗಕ್ಕೆ ಪ್ರತ್ಯೇಕ ಆಯ್ಕೆಯಿದೆ. ಅದು ಕಡಿಮೆಯಲ್ಲಿದ್ದರೆ ಹೆಚ್ಚಿಸಬೇಕು. ಬಲಗಡೆಯ ಆಲ್ಟ್ ಕೀಲಿ ಹಿಡಿದು ಪರದೆಯ ಮೇಲೆ ಕ್ಲಿಕ್ ಮಾಡಿ ಮೀಟರನ್ನು ಇನ್ನೊಂದು ಮಾನಿಟರ್‌ಗೆ ಎಳೆದುಕೊಳ್ಳುವವರು, ಹೀಗೆ ತೆರೆದ ಪ್ರತಿಯೊಂದು ಕಿಟಕಿಯೂ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚುವರಿ ಹೊರೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

## ಮನೆಯಲ್ಲೇ ಕಟ್ಟಿದ ಪ್ಯಾನೆಲ್‌ಗಳು

ಪರದೆಯಲ್ಲಿ 80 ನಾಟ್ ಇದೆ, ನಾನು ಕಟ್ಟಿದ ಮೀಟರ್ 95 ತೋರಿಸುತ್ತದೆ. ಕೋಡ್‌ನಲ್ಲಿ ತಪ್ಪೆಲ್ಲಿದೆ?

ಕೋಡ್‌ಗಿಂತ ಮೊದಲು ಸೊನ್ನೆಯನ್ನು ನೋಡಬೇಕು. ಅಗ್ಗದ ಮೀಟರ್‌ಗಳಲ್ಲಿ ಹೆಚ್ಚಾಗಿ ಬಳಸುವ ಎಕ್ಸ್27.168 ಸ್ಟೆಪರ್ ಮೋಟಾರ್ 315 ಡಿಗ್ರಿ ತಿರುಗುತ್ತದೆ, ಡಿಗ್ರಿಗೆ ಮೂರರಂತೆ 945 ಹೆಜ್ಜೆಗಳಲ್ಲಿ. ಮುಳ್ಳು ಎಲ್ಲಿದೆ ಎಂದು ಹೇಳುವ ಸಂವೇದಕ ಅದರಲ್ಲಿಲ್ಲ. ಆದ್ದರಿಂದ ಪ್ರತಿ ಬಾರಿ ಚಾಲೂ ಮಾಡಿದಾಗ ಮುಳ್ಳನ್ನು ಹಿಂದಕ್ಕೆ ಪೂರ್ತಿ ತಿರುಗಿಸಿ, ಒಳಗಿನ ತಡೆಗೆ ತಾಗಿಸಿ, ಅಲ್ಲಿಂದ ಎಣಿಕೆ ಆರಂಭಿಸಬೇಕು. ಎಲ್ಲ ಅಂಕಿಗಳಲ್ಲೂ ಒಂದೇ ಪ್ರಮಾಣದ ತಪ್ಪಿದ್ದರೆ ಸೊನ್ನೆಯ ತೊಂದರೆ. ಹಾರುತ್ತ ಹಾರುತ್ತ ತಪ್ಪು ಬೆಳೆಯುತ್ತಿದ್ದರೆ ಮೋಟಾರ್ ಹೆಜ್ಜೆ ತಪ್ಪುತ್ತಿದೆ, ವೇಗವನ್ನು ತಗ್ಗಿಸಬೇಕು.

ಕೆಳಗಿನ ಅಂಕಿಗಳಲ್ಲಿ ಸರಿ, ನಡುವೆ ತಪ್ಪು, ಮೇಲೆ ಮತ್ತೆ ಸರಿ ಎಂದಾದರೆ ಮುಖಫಲಕದ ಅಂಕಿಗಳ ಅಂತರ ಸಮನಾಗಿಲ್ಲವೆಂದರ್ಥ. ಸೆಸ್ನಾದ ಏರ್‌ಸ್ಪೀಡ್ ಮೀಟರ್ ಹಾಗೆಯೇ ಇದೆ: 40 ನಾಟ್‌ಗಿಂತ ಕೆಳಗೆ ಅದಕ್ಕೆ ಅಂಕಿಗಳಿಲ್ಲ, ಮೇಲಿನ ಅಂಕಿಗಳ ನಡುವಿನ ಅಂತರ ಬದಲಾಗುತ್ತ ಹೋಗುತ್ತದೆ. ಎರಡೇ ಬಿಂದುಗಳನ್ನು ಹಿಡಿದು ಸರಳರೇಖೆ ಎಳೆದರೆ ನಡುವೆ ತಪ್ಪುವುದು ಖಚಿತ. 40, 60, 80, 100, 120, 140, 160 ನಾಟ್‌ಗಳಲ್ಲಿ ಮುಳ್ಳು ಎಷ್ಟನೆಯ ಹೆಜ್ಜೆಯಲ್ಲಿರಬೇಕೆಂದು ಕೈಯಿಂದ ಅಳೆದು, ಆ ಪಟ್ಟಿಯನ್ನು ತಂತ್ರಾಂಶಕ್ಕೆ ಕೊಡಬೇಕು. ಪ್ಯಾನೆಲನ್ನು ಸಿಮ್ಯುಲೇಟರ್‌ಗೆ ಜೋಡಿಸುವ ಮೊಬಿಫ್ಲೈಟ್ ಮತ್ತು ಏರ್ ಮ್ಯಾನೇಜರ್ ತಂತ್ರಾಂಶಗಳೆರಡರಲ್ಲೂ ಈ ಅನುಕೂಲವಿದೆ. ಅಂದಹಾಗೆ, 315 ಡಿಗ್ರಿಯ ಮೋಟಾರಿನಿಂದ ಆಲ್ಟಿಮೀಟರ್ ಕಟ್ಟಲು ಹೋಗಬಾರದು. ಅದಕ್ಕೆ ನಿರಂತರವಾಗಿ ಸುತ್ತುವ ಮೋಟಾರ್ ಮತ್ತು ಸೊನ್ನೆ ಗುರುತಿಸುವ ಸಂವೇದಕ ಬೇಕು.

ಎರಡು ಸರ್ವೊ ಜೋಡಿಸಿದ ಮೇಲೆ ಮುಳ್ಳುಗಳು ನಡುಗುತ್ತವೆ, ಆರ್ಡುಯಿನೊ ತಾನಾಗಿ ಮತ್ತೆ ಚಾಲೂ ಆಗುತ್ತದೆ.

ಸರ್ವೊ ಎಂದರೆ ಮುಳ್ಳು ತಿರುಗಿಸುವ ಸಣ್ಣ ಮೋಟಾರ್, ಆರ್ಡುಯಿನೊ ಅದನ್ನು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್. ಇಲ್ಲಿ ವಿದ್ಯುತ್ ಸಾಲದು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್; ಸಣ್ಣ ಸರ್ವೊ ಒಂದೇ ತಡೆಗೆ ಸಿಕ್ಕಾಗ ಅಷ್ಟನ್ನೂ ಎಳೆದುಕೊಳ್ಳಬಲ್ಲದು. ಮೋಟಾರ್‌ಗಳಿಗೆ ಪ್ರತ್ಯೇಕ 5 ವೋಲ್ಟ್ ಸರಬರಾಜು ಕೊಟ್ಟು, ಅದರ ಗ್ರೌಂಡ್ ತಂತಿಯನ್ನು ಆರ್ಡುಯಿನೊದ ಗ್ರೌಂಡ್‌ಗೆ ಸೇರಿಸಬೇಕು. ಈ ಸೇರಿಕೆ ಮರೆತರೆ ನಡುಕ ಮೊದಲಿಗಿಂತ ಹೆಚ್ಚಾಗುತ್ತದೆ.

ನಾಬ್ ಒಂದು ಕಟಕ್ ತಿರುಗಿಸಿದರೆ ಹೆಡಿಂಗ್ ಎರಡು ಡಿಗ್ರಿ ಹಾರುತ್ತದೆ, ಕೆಲವೊಮ್ಮೆ ಹಿಂದಕ್ಕೂ ಹೋಗುತ್ತದೆ.

ನಾಬ್ ತಿರುಗಿದ್ದನ್ನು ಎಣಿಸುವ ರೋಟರಿ ಎನ್‌ಕೋಡರ್‌ಗಳಲ್ಲಿ ಕೆಲವು ಒಂದು ಕಟಕ್‌ಗೆ ಪೂರ್ತಿ ಆವರ್ತ ಕೊಡುತ್ತವೆ, ಕೆಲವು ಅರ್ಧ. ತಂತ್ರಾಂಶದಲ್ಲಿ ಎನ್‌ಕೋಡರ್‌ನ ಬಗೆಯನ್ನು ಬದಲಿಸಿ ನೋಡಿದರೆ ಎರಡೆರಡು ಹಾರುವುದು ನಿಲ್ಲುತ್ತದೆ. ಹಿಂದಕ್ಕೆ ಹೋಗುವುದು ಒಳಗಿನ ಲೋಹದ ಸಂಪರ್ಕಗಳು ಪುಟಿಯುವುದರಿಂದ. ನಾಬ್ ಹಳೆಯದಾಗಿದ್ದರೆ ಬದಲಿಸುವುದೇ ಮೇಲು, ಬೆಲೆ ಹೆಚ್ಚಿಲ್ಲ.

ಥ್ರಾಟಲ್ ಮುಟ್ಟದಿದ್ದರೂ ಆರ್‌ಪಿಎಂ ಮುಳ್ಳು ಕುಣೀತೈತಿ.

ಎಂಜಿನ್ ಸರಿಯಿದೆ, ಥ್ರಾಟಲ್‌ನೊಳಗೆ ಅದರ ಸ್ಥಾನವನ್ನು ಉಜ್ಜುತ್ತ ಅಳೆಯುವ ಪೊಟೆನ್ಶಿಯೋಮೀಟರ್‌ಗೆ ಧೂಳು ಸೇರಿದೆ. ನಮ್ಮ ಎರೆನೆಲದ ನುಣ್ಣನೆಯ ಧೂಳು ಬೇಸಿಗೆಯಲ್ಲಿ ಮುಚ್ಚಿದ ಕೋಣೆಗೂ ನುಗ್ಗುತ್ತದೆ, ನವಲಗುಂದ-ಗದಗದ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿಯನ್ನು ತೆರೆದು, ಥ್ರಾಟಲ್ ಬಿಟ್ಟು ನೋಡಬೇಕು. ಅಲ್ಲಿಯೂ ಗೆರೆ ಅಲುಗಿದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಬಾರಿ ಹಿಂದೆ ಮುಂದೆ ಆಡಿಸಬೇಕು. ಅಲ್ಲಿ ಸ್ಥಿರವಾಗಿದ್ದು ಸಿಮ್ಯುಲೇಟರ್‌ನಲ್ಲಿ ಮಾತ್ರ ಕುಣಿದರೆ, ಜಾಯ್‌ಸ್ಟಿಕ್‌ನ ಇನ್ನೊಂದು ಅಕ್ಷಕ್ಕೂ ಥ್ರಾಟಲ್ ಜೋಡಣೆಯಾಗಿ ಎರಡೂ ಜಗ್ಗಾಡುತ್ತಿವೆ. ಧೂಳಿನ ಕಾಟದಿಂದ ಶಾಶ್ವತವಾಗಿ ಪಾರಾಗಬೇಕೆಂದರೆ ಉಜ್ಜುವ ಭಾಗವೇ ಇಲ್ಲದ ಹಾಲ್ ಸಂವೇದಕದ ಥ್ರಾಟಲ್ ಕೊಳ್ಳಬೇಕು.

ಪ್ಯಾನೆಲ್ ಅರ್ಧ ಗಂಟೆ ನಡೆದು ತಾನಾಗಿ ಸಂಪರ್ಕ ಕಡಿದುಕೊಳ್ಳುತ್ತದೆ. ಕರೆಂಟ್ ಹೋಗಿ ಬಂದಾಗಲೂ ಹಾಗೆಯೇ.

ಎರಡೂ ಬೇರೆ ಬೇರೆ ಕಾರಣಗಳು. ತಾನಾಗಿ ಕಡಿಯುವುದು ವಿಂಡೋಸ್ ವಿದ್ಯುತ್ ಉಳಿಸಲು ಯುಎಸ್‌ಬಿ ಪೋರ್ಟ್‌ಗಳನ್ನು ಮಲಗಿಸುವುದರಿಂದ. ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸಸ್ಪೆಂಡ್ ತೆಗೆದು, ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ಹಬ್‌ಗೂ ಅದೇ ಅನುಮತಿಯನ್ನು ಹಿಂಪಡೆಯಬೇಕು. ಕರೆಂಟ್‌ನದ್ದು ಬೇರೆ ಕತೆ. ಕಂಪ್ಯೂಟರ್‌ಗೆ ಯುಪಿಎಸ್ ಇರುತ್ತದೆ, ಆದರೆ ಪ್ಯಾನೆಲ್‌ನ ಪವರ್ ಹಬ್‌ನ ಅಡಾಪ್ಟರ್ ನೇರ ಗೋಡೆಯ ಸಾಕೆಟ್‌ನಲ್ಲಿರುತ್ತದೆ. ಇನ್ವರ್ಟರ್‌ಗೆ ಬದಲಾಗುವ ಆ ಒಂದು ಕ್ಷಣದಲ್ಲಿ ಹಬ್ ಆರಿ ಹೊತ್ತುತ್ತದೆ, ಸಿಮ್ಯುಲೇಟರ್ ಪ್ಯಾನೆಲನ್ನು ಕಳೆದುಕೊಳ್ಳುತ್ತದೆ. ಹಬ್‌ನ ಅಡಾಪ್ಟರನ್ನೂ ಯುಪಿಎಸ್‌ನ ಬ್ಯಾಟರಿ ಸಾಕೆಟ್‌ಗೇ ಸೇರಿಸಬೇಕು.

ಎಕ್ಸ್-ಪ್ಲೇನ್‌ನ ಮಾಹಿತಿ ಎರಡನೆಯ ಕಂಪ್ಯೂಟರ್‌ಗೆ ಬರುತ್ತಿಲ್ಲ.

ಎರಡೂ ಒಂದೇ ವೈ-ಫೈನಲ್ಲಿವೆಯೇ, ವಿಂಡೋಸ್ ಆ ಜಾಲವನ್ನು ಖಾಸಗಿ ಎಂದು ಗುರುತಿಸಿದೆಯೇ, ಫೈರ್‌ವಾಲ್ ಸಿಮ್ಯುಲೇಟರ್‌ಗೆ ದಾರಿ ಬಿಟ್ಟಿದೆಯೇ ನೋಡಬೇಕು. ಎಕ್ಸ್-ಪ್ಲೇನ್ ಹೊರಗಿನ ಸಂದೇಶಗಳನ್ನು ರೂಢಿಯಾಗಿ 49000 ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುತ್ತದೆ. ರೂಟರ್ ಆರಿಸಿ ಹೊತ್ತಿಸಿದ ಮೇಲೆ ಕಂಪ್ಯೂಟರ್‌ನ ಐಪಿ ವಿಳಾಸ ಬದಲಾಗಿ, ಹಳೆಯ ವಿಳಾಸಕ್ಕೇ ಮಾಹಿತಿ ಹೋಗುತ್ತಿರುವುದು ಸಾಮಾನ್ಯ. ವಿಳಾಸವನ್ನು ರೂಟರ್‌ನಲ್ಲಿ ಕಾಯಂ ಮಾಡಿಡುವುದು ಮೇಲು.

ಎಲ್ಲ ಮೀಟರ್‌ಗಳನ್ನೂ ಒಮ್ಮೆಗೆ ಪರೀಕ್ಷಿಸಲು ಒಂದು ಹಾರಾಟ ಹೇಳುತ್ತೀರಾ?

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗಿ ಬರುವುದು ಇದಕ್ಕೆ ಹೇಳಿಮಾಡಿಸಿದಂತಿದೆ, ಏಕೆಂದರೆ ಗದಗ ಹೆಚ್ಚುಕಡಿಮೆ ರನ್‌ವೇ 08ರ, ಅಂದರೆ 80 ಡಿಗ್ರಿ ದಿಕ್ಕಿಗೆ ಮುಖಮಾಡಿದ ರನ್‌ವೇಯ, ನೇರದಲ್ಲೇ, ಸುಮಾರು 30 ನಾಟಿಕಲ್ ಮೈಲಿ ದೂರದಲ್ಲಿದೆ. ಗಾಳಿಯಿಲ್ಲದ, ಮೋಡವಿಲ್ಲದ ಹವಾಮಾನವನ್ನು ಆರಿಸಿ, ಒತ್ತಡವನ್ನು 1013ಕ್ಕೆ ಇಡಬೇಕು. ಹೊರಡುವ ಮೊದಲು ಆಲ್ಟಿಮೀಟರ್ 2,170ರ ಆಸುಪಾಸಿನಲ್ಲಿದೆಯೇ, ರನ್‌ವೇಯ ನಡುಗೆರೆಯ ಮೇಲೆ ನಿಂತಾಗ ಕಂಪಾಸ್ ಮತ್ತು ಹೆಡಿಂಗ್ ಎರಡೂ 80ರ ಸಮೀಪವಿವೆಯೇ ನೋಡಬೇಕು. ಓಟದಲ್ಲಿ ಏರ್‌ಸ್ಪೀಡ್ ಜೀವ ಪಡೆಯಬೇಕು. 4,500 ಅಡಿಗೆ ಏರಿ, ಸಮತಟ್ಟಾದ ಮೇಲೆ ಏರಿಳಿತದ ಮೀಟರ್ ಸೊನ್ನೆಯಲ್ಲಿ ನಿಲ್ಲಬೇಕು. ಟರ್ನ್ ಕೋಆರ್ಡಿನೇಟರ್‌ನ ಗುರುತಿಗೆ ಸರಿಯಾಗಿ ಒಂದು ಪೂರ್ತಿ ಸುತ್ತು ತಿರುಗಿದರೆ ಗಡಿಯಾರದಲ್ಲಿ ಎರಡು ನಿಮಿಷವಾಗಬೇಕು. ಹೆಡಿಂಗ್ 80 ಹಿಡಿದು, 110 ನಾಟ್ ನೆಲವೇಗದಲ್ಲಿ ಹೋದರೆ ಕಾಲು ಗಂಟೆ ಕಳೆದು ಒಂದೆರಡು ನಿಮಿಷದಲ್ಲಿ ಗದಗ-ಬೆಟಗೇರಿಯ ಮನೆಗಳು ಮೂಗಿನ ಮುಂದೆ ಬರಬೇಕು. ಅಲ್ಲಿ ಹೆಡಿಂಗ್ ಮೀಟರನ್ನು ಕಂಪಾಸ್‌ಗೆ ಹೋಲಿಸಿ ವ್ಯತ್ಯಾಸವನ್ನು ಬರೆದಿಟ್ಟುಕೊಂಡು, 260ಕ್ಕೆ ತಿರುಗಿ, ಅದೇ ರನ್‌ವೇಯ ಇನ್ನೊಂದು ತುದಿಯಾದ 26ರಲ್ಲಿ ಇಳಿಯಬೇಕು. ಈ ಹಾರಾಟವನ್ನು ಮೊದಲು ಪ್ಯಾನೆಲ್ ಕಳಚಿ ಪರದೆಯ ಕಾಕ್‌ಪಿಟ್‌ನಿಂದ, ಆಮೇಲೆ ಪ್ಯಾನೆಲ್ ಜೋಡಿಸಿ ಮಾಡಿದರೆ, ಎರಡು ಬಾರಿಯ ಅಂಕಿಗಳಲ್ಲಿ ಯಾವುದು ಬದಲಾಗಿದೆಯೋ ಆ ಮೀಟರ್‌ನ ತಂತಿಯಿಂದ ಹುಡುಕಾಟ ಆರಂಭಿಸಬಹುದು.